ನಮ್ಮ ವಾರ್ಡಿನ ಮಾಜಿ

ಬೆಂಗಳೂರಿನಲ್ಲಿ ಮಾಜಿ ಕಾರ್ಪೊರೇಟರನ್ನು ಗುರುತಿಸಲು ಅವರ ಕಾರಿನ ಹಿಂದೆ ಒಂದು ಸಿಗ್ನಲ್ಲಿನವರೆಗೆ ಹೋದರೆ ಸಾಕು. ಹಿಂಬದಿಯ ಗಾಜಿನ ಮೇಲೆ ‘ಪಾಲಿಕೆ ಸದಸ್ಯರು’ ಎಂಬ ಅಕ್ಷರಗಳು ಒಂದೊಂದೂ ಅಂಗೈಯಗಲ ಇರುತ್ತವೆ. ಅದಕ್ಕೂ ಮುಂಚೆ, ಎಡಮೂಲೆಯಲ್ಲಿ, ‘ಮಾಜಿ’ ಎಂದೂ ಇರುತ್ತದೆ. ಅದನ್ನು ಓದಬೇಕೆಂದರೆ ಕೆಂಪು ದೀಪ ಬಿದ್ದು, ನಿಮ್ಮ ಗಾಡಿ ಅವರ ಬಂಪರಿಗೆ ತಾಗುವಷ್ಟು ಹತ್ತಿರ ನಿಲ್ಲಬೇಕು. ಟ್ರಾಫಿಕ್ ಪೊಲೀಸರು ಅಷ್ಟು ಹತ್ತಿರ ಹೋಗುವುದಿಲ್ಲ.

ನಮ್ಮ ವಾರ್ಡಿನವರೂ ಇದೇ ಪಂಗಡ. ಬಿಳಿ ಷರ್ಟು, ಬಿಳಿ ಪ್ಯಾಂಟು, ಬಿಳಿ ಷೂ. ಬಲ ಮಣಿಕಟ್ಟಿನಲ್ಲಿ ವಾರ್ಡಿನ ಪ್ರತಿ ದೇವಸ್ಥಾನದ್ದೂ ಒಂದೊಂದು ದಾರ. ಎಲ್ಲಾದರೂ ಹೊಸ ಗುಡಿ ಎದ್ದರೆ ಮಣಿಕಟ್ಟು ಒಂದು ಸುತ್ತು ದಪ್ಪವಾಗುತ್ತದೆ. ಜೇಬಿನಲ್ಲಿ ಎರಡು ಫೋನು. ಹಿರಿಯರು ಅವರನ್ನು ‘ಕಾರ್ಪೊರೇಟ್ರೇ’ ಅಂತಲೂ ಹುಡುಗರು ‘ಅಣ್ಣ’ ಅಂತಲೂ ಕರೆಯುತ್ತಾರೆ. ‘ಮಾಜಿ’ ಎಂದು ಕರೆಯುವವರು ಅವರ ಮನೆಯಾಕೆ ಒಬ್ಬರೇ, ಅದೂ ಕರೆಂಟ್ ಹೋದಾಗ.

ಕಾರು ಕಾಣಿಸದಿದ್ದರೆ ಕಲ್ಲು ಹುಡುಕಬಹುದು. ಪಾರ್ಕಿನ ಗೇಟು, ಬಸ್ ತಂಗುದಾಣ, ಶುದ್ಧ ಕುಡಿಯುವ ನೀರಿನ ಘಟಕ, ಸಾರ್ವಜನಿಕ ಶೌಚಾಲಯ, ಕೊಳವೆಬಾವಿ, ಎಲ್ಲದರ ಪಕ್ಕದಲ್ಲೂ ಕರಿ ಗ್ರಾನೈಟಿನ ಫಲಕ, ಚಿನ್ನದ ಬಣ್ಣದಲ್ಲಿ ‘ಸನ್ಮಾನ್ಯರ ಅನುದಾನದಲ್ಲಿ’ ಎಂಬ ಕೆತ್ತನೆ. ಕೊಳವೆಬಾವಿ ಬತ್ತಿ ಯಾವ ಕಾಲವಾಯಿತೋ. ತಂಗುದಾಣದ ಚಾವಣಿ ಹಾರಿಹೋಗಿದೆ. ಫಲಕಗಳಿಗೆ ಮಾತ್ರ ಒಂದು ಗೀರೂ ಬಿದ್ದಿಲ್ಲ. ಆ ಕಲ್ಲುಗಳ ಬಾಳಿಕೆ ನೋಡಿದರೆ ರಸ್ತೆಯ ಗುತ್ತಿಗೆಯನ್ನೂ ಫಲಕ ಕೆತ್ತಿದವನಿಗೇ ಕೊಡಬೇಕಾಗಿತ್ತು ಅನ್ನಿಸುತ್ತದೆ.

ಮಾಜಿಯಾಗುವುದು ಸಾಮಾನ್ಯವಾಗಿ ಸೋತವರ ಪಾಡು. ನಮ್ಮವರು ಸೋಲಲಿಲ್ಲ. 2020ರ ಸೆಪ್ಟೆಂಬರ್ 10ಕ್ಕೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ ಮುಗಿಯಿತು. 198 ವಾರ್ಡುಗಳ 198 ಸದಸ್ಯರೂ ಒಂದೇ ದಿನ ಮಾಜಿಗಳಾದರು. ಆಡಳಿತ ಪಕ್ಷ, ವಿರೋಧ ಪಕ್ಷ, ಪಕ್ಷೇತರ ಎಂಬ ಭೇದವಿಲ್ಲದೆ ಇಂಥ ಸಮಾನತೆ ಪಾಲಿಕೆಯಲ್ಲಿ ಕಾಣುವುದು ಅಪರೂಪ. ಅವರ ಜಾಗಕ್ಕೆ ಒಬ್ಬ ಆಡಳಿತಾಧಿಕಾರಿ ಬಂದರು. ಚುನಾವಣೆ ಇನ್ನೇನು ಬಂತು ಎಂದರು. ಹಾಗೆ ಎನ್ನುತ್ತಲೇ ಐದು ವರ್ಷ ದಾಟಿತು. ಊರಿಗೆ ಇದು ಹೊಸ ಅನುಭವವೇನಲ್ಲ. 2006ರ ನವೆಂಬರಿನಲ್ಲಿ ಹಳೆಯ ಪಾಲಿಕೆಯ ಅವಧಿ ಮುಗಿದಾಗಲೂ ಮುಂದಿನ ಮತದಾನಕ್ಕೆ 2010ರ ಮಾರ್ಚ್‌ವರೆಗೆ ಕಾದಿದ್ದೆವು. ಈ ಸಲ ನಮ್ಮ ದಾಖಲೆಯನ್ನು ನಾವೇ ಮುರಿದೆವು.

ನಮ್ಮವರು ಅಧಿಕಾರದಲ್ಲಿದ್ದ ಕಾಲ ಹೇಗಿತ್ತು ಅಂದರೆ, ಅವರನ್ನು ಕಂಡವರು ಕಡಿಮೆ. ಫೋನ್ ಮಾಡಿದರೆ ಇನ್ನೊಬ್ಬ ಹುಡುಗ ಎತ್ತಿ, “ಅಣ್ಣ ಮೀಟಿಂಗಲ್ಲವ್ರೆ” ಅನ್ನುತ್ತಿದ್ದ. ಆಗ ಮೇಯರ್ ಪದವಿಗೆ ಒಂದೇ ವರ್ಷದ ಆಯುಸ್ಸು. ಐದು ವರ್ಷಕ್ಕೆ ಐವರು ಮೇಯರ್‌ಗಳು. ಪ್ರತಿ ಆಯ್ಕೆಗೂ ಮುಂಚೆ ಅಣ್ಣ ಕೆಲವು ದಿನ ನಾಪತ್ತೆ. ಆಮೇಲೆ ಕೆಲವು ದಿನ ಹಾರ ಹಾಕುವುದರಲ್ಲಿ ಮಗ್ನ. ಕಾನೂನಿನಂತೆ ವಾರ್ಡ್ ಸಮಿತಿಯೊಂದಿತ್ತು. ಕಾರ್ಪೊರೇಟರೇ ಅಧ್ಯಕ್ಷರು, ಸ್ಥಳೀಯರೇ ಸದಸ್ಯರು, ತಿಂಗಳಿಗೊಮ್ಮೆ ಸೇರಿ ಮೋರಿ, ಕಸ, ಬೀದಿದೀಪ ಚರ್ಚಿಸಬೇಕು. ಹೈಕೋರ್ಟ್ ಗದರಿಸಿದ ಮೇಲೆ ನಮ್ಮಲ್ಲೂ ಅದು ಅಸ್ತಿತ್ವಕ್ಕೆ ಬಂತು. ಅಣ್ಣನ ಭಾವಮೈದ, ಭಾವಮೈದನ ಗೆಳೆಯ, ಗೆಳೆಯನ ಜಿಮ್ಮಿನ ಪಾಲುದಾರ ಅದರಲ್ಲಿದ್ದರು. ಎದುರುಮನೆಯ ಒಬ್ಬರು ಹಿರಿಯರಿಗೆ ತಾವೂ ಅದರ ಸದಸ್ಯರೆಂದು ಗೊತ್ತಾದದ್ದು ಸಮಿತಿಯ ಅವಧಿ ಮುಗಿದ ಮೇಲೆ. ಆದರೂ ಸಭಾ ಪುಸ್ತಕದಲ್ಲಿ ಅವರ ಸಹಿ ಪ್ರತಿ ತಿಂಗಳೂ ಇತ್ತು. ಅವರ ಸಹಿಗಿಂತ ಚೆನ್ನಾಗಿಯೇ ಇತ್ತು.

ಅಧಿಕಾರ ಹೋದ ಮರುದಿನದಿಂದ ಅಣ್ಣ ಸಿಗತೊಡಗಿದರು. ಮೊದಲ ರಿಂಗಿಗೇ ಫೋನ್ ಎತ್ತುತ್ತಾರೆ. ಕೆಲವೊಮ್ಮೆ ರಿಂಗಾಗುವ ಮೊದಲೇ ಎತ್ತಿದಂತೆ ಕೇಳಿಸುತ್ತದೆ. ಬೆಳಗ್ಗೆ ತಮ್ಮದೇ ಅನುದಾನದ ಪಾರ್ಕಿನಲ್ಲಿ ತಮ್ಮದೇ ಹೆಸರಿನ ಬೆಂಚಿನ ಮೇಲೆ ಕೂತು ಅಹವಾಲು ಕೇಳುತ್ತಾರೆ. ಯಾರ ಮನೆಯ ನಾಮಕರಣಕ್ಕೂ ಮೊದಲ ಪಂಕ್ತಿಗೇ ಹಾಜರು. ಸಾವಿನ ಮನೆಗಾದರೆ ನೆಂಟರಿಗಿಂತ ಮುಂಚೆ ಬಂದು, ಶಾಮಿಯಾನದವನಿಗೆ ಹೇಳಿ, ಚಿತಾಗಾರಕ್ಕೆ ಸಮಯ ಗೊತ್ತು ಮಾಡಿ, ಅಳುವವರಿಗೆ ನೀರಿನ ಬಾಟಲಿ ಕೊಟ್ಟು ನಿಂತಿರುತ್ತಾರೆ. ಇದೇ ಮನುಷ್ಯನನ್ನು ಒಂದು ಮೋರಿ ಚಪ್ಪಡಿಗಾಗಿ ಹುಡುಕಿಕೊಂಡು ಹೋಗಿ ಮೂರು ಕಚೇರಿ ಸುತ್ತಿದವರಿಗೆ ಈಗ ಅವರಿಂದ ತಪ್ಪಿಸಿಕೊಂಡು ಹಾಲು ತರುವುದೇ ಕಷ್ಟ.

ಆದರೆ ಅವರ ಕೈಯಲ್ಲಿ ಈಗ ಏನೂ ಇಲ್ಲ. ಅನುದಾನವಿಲ್ಲ, ಎಸ್ಟಿಮೇಟಿಗೆ ಅವರ ಒಪ್ಪಿಗೆ ಬೇಕಾಗಿಲ್ಲ, ಗುದ್ದಲಿ ಪೂಜೆಗೆ ಕರೆದರೆ ಶಾಸಕರ ಹಿಂದೆ ಎರಡನೇ ಸಾಲಿನಲ್ಲಿ ನಿಂತು ಗುದ್ದಲಿಯ ತುದಿ ಮುಟ್ಟಬೇಕು, ಅಷ್ಟೆ. ಇದು ಜನರಿಗೂ ಗೊತ್ತು, ಅವರಿಗೂ ಗೊತ್ತು. ಮತ್ತೇಕೆ ಅವರ ಬೆಂಚಿನ ಮುಂದೆ ಸಾಲು ನಿಲ್ಲುತ್ತದೆ? ಕೂತು ಕೇಳುವವರು ಬೇರೆ ಯಾರೂ ಇಲ್ಲ, ಅದಕ್ಕೆ. ಮೊಬೈಲ್ ಆ್ಯಪಿನಲ್ಲಿ ದೂರು ಕೊಡಬಹುದು. ನಮ್ಮ ಬೀದಿಯ ಒಡೆದ ಚಪ್ಪಡಿಯ ಬಗ್ಗೆ ಕೊಟ್ಟೆವು. ದೂರಿನ ಸಂಖ್ಯೆ ಬಂತು. ಮೂರನೇ ದಿನ ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಎಂಬ ಸಂದೇಶ ಬಂತು, ಜೊತೆಗೆ ಒಂದು ಫೋಟೋ. ಫೋಟೋದಲ್ಲಿ ಚಪ್ಪಡಿ ಚೆನ್ನಾಗಿತ್ತು. ಹಿಂದೆ ಕಾಣುತ್ತಿದ್ದ ತೆಂಗಿನ ಮರ ಮಾತ್ರ ನಮ್ಮ ಬೀದಿಯದಲ್ಲ. ಯಾವ ಬೀದಿಯವರೋ ಪುಣ್ಯವಂತರು, ನಮ್ಮ ದೂರಿನಿಂದ ಅವರ ಮೋರಿ ಮುಚ್ಚಿತು.

ಕಡೆಗೆ ಬೆಂಚಿನ ಬಳಿಗೇ ಹೋದೆವು. ಅಣ್ಣ ತಕ್ಷಣ ಫೋನ್ ತೆಗೆದು, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ, ವಾರ್ಡಿನ ಎಂಜಿನಿಯರಿಗೆ ಮಾತಾಡಿದರು. ಹಿಂದೆಲ್ಲ ಆ ಕುರ್ಚಿಯಲ್ಲಿ ಯಾರಿದ್ದರೂ “ಏನ್ರೀ, ಎಲ್ರೀ ಇದೀರಾ, ಬರ್ರೀ ಇಲ್ಲಿ” ಎನ್ನುತ್ತಿದ್ದವರು. ಈಗ, “ನಮಸ್ಕಾರ ಸಾಹೇಬ್ರೆ, ಊಟ ಆಯ್ತಾ? ಮನೇಲೆಲ್ಲ ಆರೋಗ್ಯವಾ?” ಬೆಳಗ್ಗೆ ಏಳು ಗಂಟೆಗೆ ಊಟ ವಿಚಾರಿಸಿಕೊಂಡ ಆ ಸಾಹೇಬರು, ತಮಗೆ ವರ್ಗವಾಗಿ ತಿಂಗಳಾಯಿತೆಂದೂ ಹೊಸಬರು ಇನ್ನೂ ಬಂದಿಲ್ಲವೆಂದೂ ತಿಳಿಸಿದರು. ಅಣ್ಣ ಫೋನ್ ಇಟ್ಟು, “ಮಾಡ್ಸಾಣ ಬಿಡಿ ಸಾರ್, ನಾನಿದೀನಲ್ಲ” ಎಂದರು. ಮೂರು ದಿನಕ್ಕೆ ಒಂದು ಚಪ್ಪಡಿ ಬಂದು ಬಿತ್ತು. ಎಲ್ಲಿಂದ ಬಂತು ಎಂದು ನಾವು ಕೇಳಲಿಲ್ಲ. ಪಕ್ಕದ ಬೀದಿಯವರು ಕೇಳುತ್ತಿದ್ದಾರೆ.

ಅವರ ನಿಜವಾದ ಆಸ್ತಿ ಎಲ್ಲಿದೆ ಎಂದು ನನಗೆ ತಿಳಿದದ್ದು ನೀರಿನ ಪೈಪ್ ಒಡೆದ ದಿನ. ನಡುಬೀದಿಯಲ್ಲಿ ನೀರು ಉಕ್ಕುತ್ತಿತ್ತು. ಬಂದವರು ವಾಲ್ವ್ ಹುಡುಕಿಕೊಂಡು ಜೆಸಿಬಿಯಿಂದ ಒಂದು ಗುಂಡಿ ತೋಡಿದರು. ಕೇಬಲ್ ಸಿಕ್ಕಿತು, ಬೀದಿಯ ಇಂಟರ್ನೆಟ್ ಹೋಯಿತು. ಎರಡನೇ ಗುಂಡಿಯಲ್ಲಿ ಒಳಚರಂಡಿ ಸಿಕ್ಕಿತು. ಅದರ ಫಲ ವಿವರಿಸಬೇಕಾಗಿಲ್ಲ. ನಕ್ಷೆ ಇದೆಯೇ ಎಂದರೆ ಅವರು ನಮ್ಮನ್ನೇ ನೋಡಿದರು. ಅಷ್ಟರಲ್ಲಿ ಅಣ್ಣ ಬಂದರು. ಪ್ಯಾಂಟನ್ನು ಎರಡು ಮಡಿಕೆ ಏರಿಸಿ, ಬೇವಿನ ಮರಕ್ಕೆ ಬೆನ್ನು ಕೊಟ್ಟು ನಿಂತು, ನಾಲ್ಕು ಹೆಜ್ಜೆ ನಡೆದು, ಬಿಳಿ ಷೂನ ತುದಿಯಿಂದ ಡಾಂಬರನ್ನು ತಟ್ಟಿ, “ಇಲ್ಲಿ ಅಗೀರಿ” ಎಂದರು. ಅಗೆದರು. ಒಂದೂವರೆ ಅಡಿ ಕೆಳಗೆ ವಾಲ್ವ್!

ಸೇರಿದ್ದವರೆಲ್ಲ ಚಪ್ಪಾಳೆ ತಟ್ಟಿದರು. “ಅಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಕಾರ್ಪೊರೇಟ್ರೇ?” ಎಂದು ಕೇಳಿದೆ.

“ಅದರ ಮೇಲೆ ಡಾಂಬರು ಹಾಕ್ಸಿದ್ದು ನಾನೇ ಅಲ್ವಾ ಸಾರ್,” ಎಂದರು, ಸ್ವಲ್ಪವೂ ನಾಚದೆ.

ಅಂದಿನಿಂದ ನನಗೆ ಅವರ ಮೇಲೆ ಗೌರವ ಹೆಚ್ಚಿತು. ಈ ಊರಿನಲ್ಲಿ ನೀರಿನದು ಒಂದು ಇಲಾಖೆ, ಕರೆಂಟಿನದು ಇನ್ನೊಂದು, ರಸ್ತೆಯದು ಮತ್ತೊಂದು. ಒಬ್ಬರು ಮುಚ್ಚಿದ್ದನ್ನು ಇನ್ನೊಬ್ಬರು ಅಗೆಯುತ್ತಾರೆ, ಅಗೆದವರಿಗೂ ಮುಚ್ಚಿದವರಿಗೂ ಪರಿಚಯವಿಲ್ಲ. ಅಧಿಕಾರಿಗೆ ನಮ್ಮ ಬೀದಿ ಒಂದು ಪೋಸ್ಟಿಂಗ್. ಯಾವ ಮೋರಿ ಯಾವ ಮನೆಯ ಕೆಳಗೆ ಹೋಗಿ ಯಾವ ರಾಜಕಾಲುವೆಗೆ ಸೇರಬೇಕಿತ್ತು, ಸೇರದಂತೆ ಮಾಡಿದವರು ಯಾರು, ಎಂಬುದೆಲ್ಲ ಗೊತ್ತಿರುವುದು ಇವರೊಬ್ಬರಿಗೆ. ಅರ್ಧ ತಪ್ಪು ಅವರದೇ ಆದ್ದರಿಂದ ನೆನಪೂ ಚೆನ್ನಾಗಿದೆ.

ಇಷ್ಟು ತಿಳಿದ ಅವರಿಗೂ ತಿಳಿಯದ ಸಂಗತಿ ಒಂದಿದೆ: ತಮ್ಮ ವಾರ್ಡ್ ಯಾವುದು? 198 ಇದ್ದದ್ದು 2022ರಲ್ಲಿ 243 ಆಯಿತು. ಮರುವರ್ಷ 225 ಆಯಿತು. 2025ರ ಸೆಪ್ಟೆಂಬರಿನಲ್ಲಿ ಇದ್ದ ಒಂದು ಪಾಲಿಕೆ ಹೋಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದಾದವು. ಅವುಗಳಿಗೆಲ್ಲ ಸೇರಿ ವಾರ್ಡುಗಳು 369. ಪ್ರತಿ ಪಟ್ಟಿ ಬಂದಾಗಲೂ ಅಣ್ಣ ನಕ್ಷೆಯನ್ನು ಬೆಂಚಿನ ಮೇಲೆ ಹರಡಿ ಸ್ಕೆಚ್ ಪೆನ್ನಿನಿಂದ ಗೆರೆ ಎಳೆಯುತ್ತಾರೆ. ಕಡೆಯ ಗೆರೆಯ ಪ್ರಕಾರ ಅವರ ಮನೆ ಒಂದು ವಾರ್ಡಿನಲ್ಲಿ, ಪಾರ್ಕು ಇನ್ನೊಂದರಲ್ಲಿ, ಅವರಿಗೆ ತಪ್ಪದೆ ವೋಟು ಹಾಕುತ್ತಿದ್ದ ಮೂರು ಬೀದಿಗಳು ಮತ್ತೊಂದರಲ್ಲಿ. “ನನ್ನ ಕಲ್ಲುಗಳೆಲ್ಲ ಬೇರೆಯವರ ಪಾಲಾದ್ವು ಸಾರ್” ಎಂದು ಒಂದು ದಿನ ನೊಂದುಕೊಂಡರು.

ವಾರ್ಡು ಗೊತ್ತಾದರೂ ಮೀಸಲಾತಿ ಗೊತ್ತಾಗಬೇಕಲ್ಲ. ಅರ್ಧದಷ್ಟು ವಾರ್ಡುಗಳು ಮಹಿಳೆಯರಿಗೆ. ಇದರ ಹವಾಮಾನ ವರದಿ ಅಣ್ಣನ ಫ್ಲೆಕ್ಸಿನಲ್ಲಿ ಸಿಗುತ್ತದೆ. ಮಾಮೂಲಿ ದಿನಗಳಲ್ಲಿ ಹಬ್ಬದ ಶುಭಾಶಯ ಕೋರುವವರು ಅವರೊಬ್ಬರೇ. ‘ಈ ಸಲ ಲೇಡೀಸ್ ಆಗ್ಬೋದು’ ಎಂಬ ಗಾಳಿ ಬೀಸಿದರೆ ಮುಂದಿನ ಹಬ್ಬಕ್ಕೆ ಮನೆಯಾಕೆಯ ಫೋಟೋ ಮೂಲೆಯಲ್ಲಿ ಅಂಚೆಚೀಟಿಯಷ್ಟು ಮೂಡುತ್ತದೆ. ಸುದ್ದಿ ಗಟ್ಟಿಯಾದಂತೆ ಫೋಟೋ ಬೆಳೆಯುತ್ತದೆ. ಗಣೇಶನ ಹಬ್ಬದ ಹೊತ್ತಿಗೆ ಆಕೆ ಕೈಮುಗಿದು ಆಳೆತ್ತರ ನಿಂತಿರುತ್ತಾರೆ, ಅಣ್ಣ ಕೆಳಗೆ ವೃತ್ತದಲ್ಲಿ. ಪಟ್ಟಿ ಬದಲಾಯಿತೋ, ರಾಜ್ಯೋತ್ಸವಕ್ಕೆ ಮತ್ತೆ ಅಂಚೆಚೀಟಿ. ಇದೇ ಪಾಲಿಕೆ 2018ರ ಆಗಸ್ಟಿನಲ್ಲಿ ಹೈಕೋರ್ಟಿನ ಬಿಸಿ ತಾಗಿ ಫ್ಲೆಕ್ಸನ್ನೇ ನಿಷೇಧಿಸಿದಾಗ ಮೇಜು ಕುಟ್ಟಿ ಸ್ವಾಗತಿಸಿದವರಲ್ಲಿ ಅಣ್ಣನೂ ಇದ್ದರು. ಅದನ್ನು ನೆನಪಿಸಿದರೆ, “ಇದು ಫ್ಲೆಕ್ಸಲ್ಲ ಸಾರ್, ಶುಭಾಶಯ” ಎನ್ನುತ್ತಾರೆ.

ಮೊನ್ನೆ ಪಾರ್ಕಿನಲ್ಲಿ ಅವರು ಎದ್ದು ಹೋದ ಮೇಲೆ ಬೆಂಚಿನ ಸುತ್ತ ಚರ್ಚೆ ನಡೆಯಿತು. ಚುನಾವಣೆ ನಡೆದೇಬಿಟ್ಟರೆ ಇವರಿಗೆ ವೋಟು ಹಾಕುವುದೋ ಬೇಡವೋ? ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಲೆಕ್ಕ ಹಾಕಿ ಹೇಳಿದರು: “ಗೆದ್ದರೆ ಮತ್ತೆ ಮೀಟಿಂಗಲ್ಲೇ ಇರ್ತಾರೆ. ಫೋನ್ ಎತ್ತಬೇಕು ಅಂದ್ರೆ ಇವರನ್ನ ಮಾಜಿಯಾಗೇ ಇಟ್ಕೊಳೋದು ಕ್ಷೇಮ.” ಇನ್ನೊಬ್ಬರು, ಫೋನ್ ಎತ್ತಿ ಏನು ಪ್ರಯೋಜನ, ದುಡ್ಡು ಮಂಜೂರು ಮಾಡಿಸುವವರು ಬೇಕಲ್ಲ ಎಂದರು. ಹಾಗಾದರೆ ಗೆಲ್ಲಿಸೋಣ, ಕೆಲಸ ಮಾಡದಿದ್ದರೆ ಮುಂದಿನ ಸಲ ಸೋಲಿಸೋಣ ಎಂದು ಮೂರನೆಯವರ ಸೂಚನೆ. ಬ್ಯಾಂಕಿನವರು ಒಪ್ಪಲಿಲ್ಲ, ಈ ಸಲವೇ ಸೋಲಿಸಬೇಕು ಎಂದು ಹಟ ಹಿಡಿದರು. ದನಿ ಏರಿತು. ವಾಕಿಂಗ್ ಮಾಡುತ್ತಿದ್ದವರೂ ನಿಂತು ಒಂದೊಂದು ಪಕ್ಷ ಹಿಡಿದರು. ಪಾಲಿಕೆಯ ಕೌನ್ಸಿಲ್ ಸಭೆಯೇ ನಡೆಯುತ್ತಿರುವಂತಿತ್ತು. ಮೈಕ್ ಒಂದು ಕಿತ್ತು ಎಸೆಯಲಿಲ್ಲ, ಅಷ್ಟೆ.

ಅಷ್ಟು ಹೊತ್ತೂ ಸುಮ್ಮನೆ ಪ್ರಾಣಾಯಾಮ ಮಾಡುತ್ತಿದ್ದ, ಸರ್ಕಾರಿ ಶಾಲೆಯಿಂದ ನಿವೃತ್ತರಾದ ಎಚ್ಚೆಮ್ ಮೇಡಂ ಮೂಗಿನಿಂದ ಬೆರಳು ತೆಗೆದರು.

“ಸೋಲಿಸೋಕಾದ್ರೂ ಒಂದು ಎಲೆಕ್ಷನ್ ಬೇಕಲ್ರೀ!”