ಆಯಿಲ್ ಕೂಲರ್ ಮೀಮಾಂಸೆ

ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳನ್ನು ಮೊದಲೇ ನಿರೂಪಿಸಿ ಮುಂದುವರಿಯುವುದು ಶಾಸ್ತ್ರಗ್ರಂಥಗಳ ರೂಢಿಯಾದ್ದರಿಂದ, ಟರ್ಬೊ ಕಾರಿಗೆ ಹೊರಗಿನಿಂದ ತಂದ ಆಯಿಲ್ ಕೂಲರ್ ಕೂರಿಸುವ ಗಹನ ವಿದ್ಯೆಯನ್ನೂ ಅದೇ ಕ್ರಮದಲ್ಲಿ ವಿವೇಚಿಸುವುದು ಉಚಿತ.

ವಿಷಯವೆಂದರೆ, ಆಯಿಲ್ ಫಿಲ್ಟರನ್ನು ಬಿಚ್ಚಿ, ಅದಕ್ಕೂ ಎಂಜಿನ್ನಿಗೂ ನಡುವೆ ಸ್ಯಾಂಡ್‌ವಿಚ್ ಪ್ಲೇಟ್ ಎಂಬ ದಪ್ಪ ಬಿಲ್ಲೆಯನ್ನಿಟ್ಟು, ಅದರಿಂದ ಹೊರಟ ಎರಡು ಹೋಸುಗಳ ಮೂಲಕ ಬಿಸಿ ಎಣ್ಣೆಯನ್ನು ಬಂಪರಿನ ಹಿಂದಿನ ಅಲ್ಯುಮಿನಿಯಂ ಜಾಲರಿಗೆ ಕಳಿಸಿ, ಗಾಳಿಗೆ ಆರಿಸಿ ಮರಳಿ ತರುವುದು. ಎಣ್ಣೆ ಸುಮಾರು 80 ಡಿಗ್ರಿ ಮುಟ್ಟುವವರೆಗೆ ಅದನ್ನು ಜಾಲರಿಯತ್ತ ಪೂರ್ತಿ ಬಿಡದ ಕವಾಟಕ್ಕೆ ಥರ್ಮೋಸ್ಟಾಟ್ ಎಂದು ಹೆಸರು. ಎಣ್ಣೆಯನ್ನು ಗಾಳಿಗೆ ಆರಿಸುವ ಇದೇ ತತ್ತ್ವದ ಕಿರಿಯ ರೂಪವನ್ನು 2007ರಲ್ಲಿ ಬಂದ ಪಲ್ಸರ್ 220 ಬೈಕಿನ ಎಂಜಿನ್ ಮುಂದೆ ಕಾಣಬಹುದು.

ಅಧಿಕಾರಿ ಯಾರೆಂಬಲ್ಲಿ ಮತಭೇದವುಂಟು. ಅಡಿಕೆಗೆ ಒಳ್ಳೆಯ ದರ ಬಂದ ವರ್ಷ ಚನ್ನಗಿರಿಯ ತೋಟದ ಮನೆಯ ಮಗನಿಗೆ ಅಧಿಕಾರ ತಾನಾಗಿ ಪ್ರಾಪ್ತವಾಗುತ್ತದೆಂಬುದು ಪೂರ್ವಪಕ್ಷ. ಹಣವು ಸಾಮಗ್ರಿಯನ್ನು ಕೊಡಿಸಬಲ್ಲದೇ ಹೊರತು ಎಣ್ಣೆಯನ್ನು ಕಾಯಿಸಲಾರದು, ಆದ್ದರಿಂದ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಸುತ್ತಿನ ಮೇಲೆ ಸುತ್ತು ಹೊಡೆದು ಎಣ್ಣೆಯನ್ನು 120–130 ಡಿಗ್ರಿಗೆ ಏರಿಸುವವನೇ ಅಧಿಕಾರಿ ಎಂಬುದು ಸಿದ್ಧಾಂತ.

ಸಂಬಂಧವೆಂದರೆ ಕೂಲರಿಗೂ ಸೀಮೆಗೂ ಇರುವ ನಂಟು. ಕೂಲರ್ ಬೇಕೆಂಬುದಕ್ಕೆ ಜಗಳೂರಿನ ಬಿಸಿಲೇ ಸಾಕ್ಷಿಯಲ್ಲವೇ ಎಂಬ ಆಕ್ಷೇಪಕ್ಕೆ, ಎಣ್ಣೆ ಬಿಸಿಯಾಗುವುದು ಮುಖ್ಯವಾಗಿ ಎಂಜಿನ್ನಿನ ದುಡಿಮೆಯಿಂದ, 40 ಡಿಗ್ರಿಯ ಬಿಸಿಲು 100 ಡಿಗ್ರಿಯ ಎಣ್ಣೆಗೆ ತಂಪೇ ಎಂದು ಸಮಾಧಾನ. ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಗೆ ಪ್ರತ್ಯೇಕ ಮತವೇ ಬೇಕೆಂಬ ವಾದವೂ ನಿಲ್ಲದು. ಕಚೇರಿಗಳು ಬೇರೆಯಾದರೂ ಹಂಪುಗಳು ಬೇರೆಯಾಗಿಲ್ಲ. ಮೇಲಾಗಿ ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿ, ಅಂಚಿಗೆ ಕಲ್ಲಿಟ್ಟು ಕಾಯುವಾಗ, 200 ಕುದುರೆಶಕ್ತಿಯ ಕಾರೂ ಟ್ರ್ಯಾಕ್ಟರಿನ ಹಿಂದೆ ಎರಡನೇ ಗೇರಿನಲ್ಲಿ ತೆವಳುವುದರಿಂದ, ಜಾಲರಿಗೆ ಬೇಕಾದ ಗಾಳಿಯೂ ಇಲ್ಲ, ಎಣ್ಣೆಗೆ ಬೇಕಾದ ಕಾವೂ ಇಲ್ಲ. ಒಕ್ಕಣೆಗೆಂದು ದಾರಿಗೆ ಹಾಸಿದ ಹುರುಳಿ ಸೊಪ್ಪಿನ ಮೇಲೆ ಹಾಯ್ದರೆ ಹೊಟ್ಟು ಜಾಲರಿಯ ಸಂದುಗಳಲ್ಲಿ ಕೂತು ಕೂಲರನ್ನೇ ಮುಚ್ಚುತ್ತದೆ. ಕೂಲರಿನ ಹಿಂದಿರುವ ರೇಡಿಯೇಟರಿಗೆ ಮೊದಲೇ ಕಡಿಮೆಯಾಗಿದ್ದ ಗಾಳಿ ಮತ್ತಷ್ಟು ಕಡಿಮೆಯಾಗುತ್ತದೆ.

ಪ್ರಯೋಜನವು ಇದರಿಂದಲೇ ಸ್ಪಷ್ಟ. ಥರ್ಮೋಸ್ಟಾಟ್ ಇಲ್ಲದ ಅಗ್ಗದ ಪ್ಲೇಟ್ ಕೂರಿಸಿದರೆ ಎಣ್ಣೆ ಬೇಕಾದಷ್ಟು ಕಾಯದೆ, ಅದರಲ್ಲಿ ಸೇರಿದ ನೀರಿನಂಶ ಆವಿಯಾಗದೆ ಉಳಿದು, ಕೊನೆಗೆ ಮಡ್ಡಿಗಟ್ಟುತ್ತದೆ. ಹೋಸ್ ಚಾಸಿಗೆ ಉಜ್ಜಿ ತೂತಾದರೆ ಎಣ್ಣೆಯೆಲ್ಲ ರಸ್ತೆಯ ಪಾಲಾಗಿ, ಆಯಿಲ್ ಲೈಟ್ ಹತ್ತಿದ್ದನ್ನು ಗಮನಿಸದವನ ಎಂಜಿನ್ ಅಲ್ಲಿಯೇ ಜಾಮ್ ಆಗುತ್ತದೆ. ಇಷ್ಟಾದರೂ ಹಾಕಿಸಲೇಬೇಕೆನ್ನುವವನು ಕೆಲಸ ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ, ನಿಲ್ಲಿಸಿ, ಗೇಜ್ ಕಡ್ಡಿ ಎಳೆದು ನೋಡಿ, ಜಾಲರಿ ಮತ್ತು ಹೋಸು ನುಂಗಿದಷ್ಟು ಎಣ್ಣೆಯನ್ನು ಮತ್ತೆ ತುಂಬಬೇಕೆಂಬುದು ವಿಧಿ.

ಹೀಗೆ ಚನ್ನಗಿರಿ, ಜಗಳೂರು, ಹೊನ್ನಾಳಿ, ನ್ಯಾಮತಿ ಎಂಬ ನಾಲ್ಕು ತಾಲ್ಲೂಕುಗಳಿಗೂ ಅನ್ವಯವಾಗುವ ನಿರ್ಣಯವಿಷ್ಟು: ಎಣ್ಣೆಯ ಕಾವು ತೋರಿಸುವ ಮೀಟರನ್ನೇ ಹಾಕಿಸದವನು ಕೂಲರ್ ಹಾಕಿಸುವುದು ಜ್ವರ ನೋಡದೆ ಔಷಧ ಕುಡಿಸಿದಂತೆ, ಮೊದಲು ಮೀಟರು, ಆಮೇಲೆ ಕೂಲರು, ಎರಡಕ್ಕಿಂತ ಮುಂಚೆ ಹೊತ್ತಿಗೆ ಸರಿಯಾಗಿ ಆಯಿಲ್ ಚೇಂಜು.