ನಾಲ್ಕು ಮನೆಯ ಗುರಾಣಿ

ಅಂಚೆಚೀಟಿ ಕೂಡಿಹಾಕುವವರಲ್ಲಿ ಎರಡು ಪಂಗಡ. ಸಿಕ್ಕಿದ್ದನ್ನೆಲ್ಲ ಕೂಡಿಹಾಕುವವರು ಒಂದು, ಒಂದೇ ವಿಷಯ ಹಿಡಿದು ಕೂತವರು ಇನ್ನೊಂದು. ಮೊದಲಿನವರನ್ನು ಮನೆಮಂದಿ ಹೇಗೋ ಸಹಿಸಿಕೊಳ್ಳುತ್ತಾರೆ. ಎರಡನೆಯವರ ಬಗ್ಗೆ ನೆಂಟರಿಷ್ಟರು ದನಿ ತಗ್ಗಿಸಿ ಮಾತಾಡತೊಡಗುತ್ತಾರೆ. ಆ ಒಂದು ವಿಷಯ ಚಿಟ್ಟೆಯೋ ರೈಲೋ ಗಾಂಧೀಜಿಯೋ ಆಗಿದ್ದರೆ ಇನ್ನೂ ಮಾನ ಉಳಿದೀತು. ದಾಂಡೇಲಿಯಲ್ಲಿ ಕೂತು ಫ್ರಾನ್ಸಿನ ಊರು ಮತ್ತು ಪ್ರಾಂತಗಳ ಲಾಂಛನವಿರುವ ಚೀಟಿಗಳನ್ನು ಕೂಡಿಸುತ್ತೇನೆ ಎಂದರೆ ಎದುರಿಗಿದ್ದವರು ಚಹಾದ ಕಪ್ಪನ್ನು ಬಸಿಯ ಮೇಲೆ ಇಟ್ಟು ನೆಟ್ಟಗೆ ಕೂರುತ್ತಾರೆ.

"ಫ್ರಾನ್ಸಿನ್ಯಾಗ ನಿಮ್ಮವರು ಯಾರರ ಅದಾರೇನ್ರಿ?" ಎಂಬುದು ಮೊದಲ ಪ್ರಶ್ನೆ. ಇಲ್ಲ. "ಮುಂದ ಛಲೋ ರೊಕ್ಕ ಬರತಾವೇನು?" ಎಂಬುದು ಎರಡನೆಯದು. ಅದೂ ಇಲ್ಲ. ಇವು ಅಪಾರ ಸಂಖ್ಯೆಯಲ್ಲಿ ಅಚ್ಚಾಗಿ, ಅಪಾರ ಲಕೋಟೆಗಳ ಮೇಲೆ ಕೂತು ಊರೂರು ತಿರುಗಿದ ಬಡ ಚೀಟಿಗಳು. 1965ರ 30 ಸಾಂತಿಮಿನ (ಅಲ್ಲಿಯ ಪೈಸೆ) ಪ್ಯಾರಿಸ್ ಲಾಂಛನವನ್ನು ಕೊಳ್ಳುವವರಿಗಿಂತ ಪುಕ್ಕಟೆ ಕೊಡುವವರೇ ಹೆಚ್ಚು. ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳಿದ್ದರೆ ಹೇಳಲು ನನ್ನಲ್ಲಿ ಬೇಕಾದಷ್ಟಿದೆ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಲಾಂಛನ ಎಂದರೆ ಊರಿನ ಬಡಾಯಿ. ಅದನ್ನು ಗುರಾಣಿಯಾಕಾರದಲ್ಲಿ ಅಡಗಿಸಿ, ಹೆಬ್ಬೆರಳಿನ ಉಗುರಿನಷ್ಟಕ್ಕೆ ಕುಗ್ಗಿಸಿ, ಹಿಂದೆ ಅಂಟು ಬಳಿದು ಪರವೂರಿಗೆ ಕಳಿಸುವುದಿದೆಯಲ್ಲ, ಅದರಲ್ಲಿ ಒಂದು ಚಂದವಿದೆ. ಊರಲ್ಲೇ ಇರುವವನಿಗೆ ಊರಿನ ಬಡಾಯಿ ಬೇಕಾಗಿಲ್ಲ, ಅವನು ಗಟಾರ ನೋಡಿದ್ದಾನೆ. ಲಕೋಟೆ ಒಡೆಯುವ ದೂರದವನಿಗೆ ಆ ಸಿಂಹ, ಹದ್ದು, ಗುಲಾಬಿಗಳೇ ಊರು. ಗ್ರೆನೋಬಲ್ ಎಂದರೆ ನನಗೆ ಇವತ್ತಿಗೂ ಮೂರು ಗುಲಾಬಿ.

ಲಾಂಛನ ಬರೆಯುವವರಿಗೆ ಒಂದು ಕಟ್ಟುನಿಟ್ಟಿನ ಮಡಿಯಿದೆ. ಬಂಗಾರ ಮತ್ತು ಬೆಳ್ಳಿ ಲೋಹಗಳು. ಕೆಂಪು, ನೀಲಿ, ಹಸಿರು, ಕಪ್ಪು, ನೇರಳೆ ಬಣ್ಣಗಳು. ಲೋಹದ ಮೇಲೆ ಲೋಹ ಕೂಡದು, ಬಣ್ಣದ ಮೇಲೆ ಬಣ್ಣ ಕೂಡದು. ರಣರಂಗದಲ್ಲಿ ದೂರದಿಂದ ಗುರುತು ಸಿಗಬೇಕಲ್ಲ, ಅದಕ್ಕೆ. ಒಂದೇ ಶಾಯಿಯಲ್ಲಿ ಅಚ್ಚು ಹಾಕುವಾಗ ಬಣ್ಣ ತೋರಿಸುವುದು ಹೇಗೆ ಎಂಬುದಕ್ಕೂ 17ನೆಯ ಶತಮಾನದಲ್ಲೇ ದಾರಿ ಹುಡುಕಿದ್ದರು. ನಿಂತ ಗೆರೆ ಎಂದರೆ ಕೆಂಪು, ಮಲಗಿದ ಗೆರೆ ನೀಲಿ, ಓರೆ ಗೆರೆ ಹಸಿರು, ಚುಕ್ಕಿ ಇಟ್ಟರೆ ಬಂಗಾರ, ಏನೂ ಇಡದಿದ್ದರೆ ಬೆಳ್ಳಿ. ಇದು ತಿಳಿದ ಮೇಲೆ ಭೂತಗನ್ನಡಿ ಹಿಡಿದು ಮಾಸಲು ಕಂದು ಚೀಟಿಯೊಂದನ್ನು ನೋಡಿ "ಆಹಾ, ಎಂಥ ನೀಲಿ!" ಎಂದು ಉದ್ಗರಿಸಬಹುದು. ಮನೆಯಲ್ಲಿ ಇದನ್ನು ಜೋರಾಗಿ ಉದ್ಗರಿಸದಿರುವುದು ಒಳ್ಳೆಯದು.

ಈ ಚೀಟಿಗಳ ಕಾಲ ನೋಡಿದರೆ ಇವು ಬರೀ ಬಡಾಯಿಯಲ್ಲ ಎಂದು ತಿಳಿಯುತ್ತದೆ. ಊರುಗಳ ಮೊದಲ ಕಂತು 12 ಚೀಟಿ, ಹೊರಬಂದದ್ದು 1941ರಲ್ಲಿ. ಮರುವರ್ಷ ಮತ್ತೆ 12. ಆಗ ಪ್ಯಾರಿಸಿನ ಬೀದಿಗಳಲ್ಲಿ ಜರ್ಮನ್ ಸೈನಿಕರ ಬೂಟು. ಚೀಟಿಯ ಬೆಲೆಯ ಮೇಲೆ ಒಂದಿಷ್ಟು ಹೆಚ್ಚು ಹಣ, ಅದು ಸಂತ್ರಸ್ತರ ನೆರವಿಗೆ. ಆ ಮೊದಲ ಕಂತಿನಲ್ಲೇ ಪ್ಯಾರಿಸಿನ ಹಡಗೂ ಇದೆ. ಅಲೆಗೆ ಸಿಕ್ಕಿ ತೂಗಾಡಿದರೂ ಮುಳುಗದು ಎಂಬುದು ಆ ನಗರದ ಬಿರುದು. ಹಿಡಿತಕ್ಕೆ ಸಿಕ್ಕ ನಗರ ತನ್ನ ಮುಳುಗದ ಹಡಗನ್ನು ಲಕೋಟೆಗೆ ಅಂಟಿಸಿ ಕಳಿಸುತ್ತಿತ್ತು, ತಡೆದು ನೋಡುವವರ ಕಣ್ಣೆದುರಿಗೇ.

ಈ ಹಡಗು ಕಂಡಾಗಲೆಲ್ಲ ನನಗೆ ಗಣೇಶಗುಡಿಯಲ್ಲಿ ಕಾಳಿನದಿಗೆ ಬೀಳುವ ರಬ್ಬರ್ ದೋಣಿಗಳ ನೆನಪು. ಬೆಂಗಳೂರಿನ ಹುಡುಗರು ಕಿರುಚುತ್ತ, ತೂಗಾಡುತ್ತ, ಮುಳುಗದೆ ಹೋಗುತ್ತಾರೆ. ಮುಳುಗಿದ್ದು ಬೇರೆ. ಸೂಪಾ ಎಂಬ ಇಡೀ ಊರು, ತಾಲೂಕಿಗೆ ಹೆಸರು ಕೊಟ್ಟ ಊರು, ಅಣೆಕಟ್ಟಿನ ನೀರಿನಡಿ ಇದೆ. ಕಚೇರಿಗಳು ಜೋಯಿಡಾಕ್ಕೆ ಬಂದವು, ಅಣೆಕಟ್ಟಿಗೆ ಮಾತ್ರ ಸೂಪಾ ಎಂದೇ ಹೆಸರು. ಪ್ಯಾರಿಸಿನವರ ಬಿರುದನ್ನು ತಿರುಗಿಸಿ, ಮುಳುಗಿತು ಆದರೆ ಹೆಸರು ತೇಲುತ್ತಿದೆ ಎಂದು ನಾವು ಬರೆದುಕೊಳ್ಳಬೇಕು.

ನನಗೆ ಅತ್ಯಂತ ಇಷ್ಟದ್ದು 1946ರ ನಾಲ್ಕು ಪುಟಾಣಿ ಚೀಟಿಗಳು: ಕಾರ್ಸಿಕಾ 10 ಸಾಂತಿಮ್, ಅಲ್ಸಾಸ್ 30, ಲೊರೇನ್ 50, ನೀಸ್ 60. ಮೊದಲ ನೋಟಕ್ಕೆ ಯಾರೋ ಕಣ್ಣು ಮುಚ್ಚಿ ನಾಲ್ಕು ಪ್ರಾಂತ ಆರಿಸಿದಂತೆ ಕಾಣುತ್ತದೆ. ಭೂಪಟ ತೆರೆದು ನೋಡಿ. ಅಲ್ಸಾಸ್, ಲೊರೇನುಗಳ ಮೇಲೆ ಕಣ್ಣಿಟ್ಟದ್ದು ಜರ್ಮನಿ. ಕಾರ್ಸಿಕಾ, ನೀಸ್ ತನ್ನವೆಂದದ್ದು ಮುಸೊಲಿನಿಯ ಇಟಲಿ. ಯುದ್ಧ ಮುಗಿದ ಮರುವರ್ಷವೇ ನಾಲ್ಕನ್ನೂ ಸಾಲಾಗಿ ನಿಲ್ಲಿಸಿ "ಇವು ನಮ್ಮವು" ಎಂದು ಸಾಂತಿಮ್ ಲೆಕ್ಕದಲ್ಲಿ ಸಾರಿದ್ದು ಆಕಸ್ಮಿಕವೆಂದು ನಾನು ನಂಬಲಾರೆ. ಗಡಿಭಾಗದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರ ಹೆಸರಿನ ಬೋರ್ಡಿಗೆ ಯಾವ ಲಿಪಿ ಎಂಬುದರ ಮೇಲೆ ಬಸ್ಸು ನಿಂತದ್ದನ್ನು ನೋಡಿದವರು ನಾವು.

ಕಾರ್ಸಿಕಾದ ಗುರಾಣಿಯಲ್ಲಿ ಇರುವುದು ಕಪ್ಪು ಮನುಷ್ಯನೊಬ್ಬನ ತಲೆ, ಹಣೆಗೆ ಬಿಳಿ ಪಟ್ಟಿ. ಹಳಿಯಾಳದ ಕಡೆಯ ಸಿದ್ದಿ ಗೆಳೆಯನೊಬ್ಬ ಆಲ್ಬಮ್ ತಿರುವುತ್ತ ಅಲ್ಲಿ ನಿಂತ. "ಇಂವ ನಮ್ಮಂವ ಅದಾನಲ್ರಿ! ಫ್ರಾನ್ಸಿಗೆ ಯಾವಾಗ ಹೋಗಿದ್ದ?" ಎಂದ. ಆ ಪಟ್ಟಿ ಮೊದಲು ಕಣ್ಣಿಗೆ ಕಟ್ಟಿತ್ತು, 18ನೆಯ ಶತಮಾನದಲ್ಲಿ ಪಾವೊಲಿ ಎಂಬ ಮುಂದಾಳು ದ್ವೀಪಕ್ಕೆ ಸ್ವಾತಂತ್ರ್ಯ ಬಂದ ಗುರುತಿಗೆ ಅದನ್ನು ಹಣೆಗೆ ಏರಿಸಿದ ಎಂದು ಹೇಳುತ್ತಾರೆ ಅಂತ ವಿವರಿಸಿದೆ. ಗೆಳೆಯನ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ಹಡಗಿನಲ್ಲಿ ಗೋವಾಕ್ಕೆ ತಂದದ್ದು, ಅವರು ತಪ್ಪಿಸಿಕೊಂಡು ಈ ಕಾಡು ಸೇರಿದ್ದು ನನಗಿಂತ ಅವನಿಗೆ ಚೆನ್ನಾಗಿ ಗೊತ್ತು. ಸ್ವಲ್ಪ ಹೊತ್ತು ನೋಡಿ, "ಪಟ್ಟಿ ಪೂರಾ ಬಿಚ್ಚಿ ಒಗದಿದ್ರ ಏನಾಗತಿತ್ತು?" ಎಂದ. ಪಾವೊಲಿಯ ಪರವಾಗಿ ನನ್ನಲ್ಲಿ ಉತ್ತರವಿರಲಿಲ್ಲ.

ಲೊರೇನಿನದು ಇನ್ನೊಂದು ವಿಚಿತ್ರ. ಬಂಗಾರದ ಮೇಲೆ ಓರೆಯಾಗಿ ಕೆಂಪು ಪಟ್ಟಿ, ಅದರೊಳಗೆ ಬೆಳ್ಳಿಯ ಮೂರು ಹಕ್ಕಿ. ಮೂರಕ್ಕೂ ಕೊಕ್ಕಿಲ್ಲ, ಕಾಲಿಲ್ಲ. "ಮತ್ತ ಉಣ್ಣೂದು ಹ್ಯಾಂಗ?" ಎಂದು ನನ್ನ ಮೊಮ್ಮಗಳು ಚಿಂತೆಗೆ ಬಿದ್ದಳು. ಮಂಗಟ್ಟೆ ಹಕ್ಕಿಯ ನಾಡಿನಲ್ಲಿ ಹುಟ್ಟಿದ ಮಗುವಿಗೆ ಇದು ಸಹಜ ಚಿಂತೆ. ನಮ್ಮ ಹೆಮ್ಮಂಗಟ್ಟೆಗೆ ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಇಟ್ಟಂತಿದೆ. ಹೆಣ್ಣು ಮರದ ಪೊಟರೆಯೊಳಗೆ ತನ್ನನ್ನೇ ಮೆತ್ತಿಕೊಂಡು ಕೂತರೆ ಗಂಡು ವಾರಗಟ್ಟಲೆ ಹಣ್ಣು ತಂದು ಕಿಂಡಿಯಲ್ಲಿ ಕೊಡುತ್ತದೆ. ಈ ಕಾಡಿನಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ. 1983ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನೂರರ ಹಬ್ಬಕ್ಕೆ ನಮ್ಮ ಅಂಚೆ ಇಲಾಖೆ ಚೀಟಿ ತಂದಾಗ ಅದರ ಮೇಲೂ ಕೂತದ್ದು ಹೆಮ್ಮಂಗಟ್ಟೆಯೇ. ಅದನ್ನು ಲೊರೇನಿನ ಪಕ್ಕ ಅಂಟಿಸಿದ್ದೇನೆ. ಪ್ರದರ್ಶನದ ತೀರ್ಪುಗಾರರು ಒಪ್ಪುವುದಿಲ್ಲ, ಮೊಮ್ಮಗಳು ಒಪ್ಪಿದ್ದಾಳೆ.

ಪ್ರದರ್ಶನದ ಮಾತು ಬಂತು. ಒಂದು ಚೌಕಟ್ಟಿನಲ್ಲಿ 16 ಹಾಳೆ, ಪ್ರತಿ ಹಾಳೆಗೂ ತಲೆಬರಹ, ಅಡಿಟಿಪ್ಪಣಿ. ಅಂತರರಾಷ್ಟ್ರೀಯ ಲೆಕ್ಕದಲ್ಲಿ ಜ್ಞಾನಕ್ಕೆ, ಅಪರೂಪಕ್ಕೆ, ಚೀಟಿಯ ಸ್ಥಿತಿಗೆ ಅಂಕಗಳ ರಾಶಿ. ಅಂದವಾಗಿ ಜೋಡಿಸಿದ್ದಕ್ಕೆ 100ರಲ್ಲಿ 5. ನನ್ನ ಅಕ್ಷರ ದುಂಡಗಿದೆ, ಸ್ಕೇಲು ಹಿಡಿದು ಗೆರೆ ಹೊಡೆಯುತ್ತೇನೆ. ಆ 5 ಅಂಕಗಳ ಮಟ್ಟಿಗೆ ಪ್ರಪಂಚದ ಯಾರೊಡನೆಯೂ ಕುಸ್ತಿಗೆ ಸಿದ್ಧ. ಉಳಿದ 95 ಇತರರು ಹಂಚಿಕೊಳ್ಳಲಿ.

ನಿಜವಾದ ಕುಸ್ತಿ ಮಳೆಗಾಲದ ಜೊತೆ. ಜೂನ್ ಬಂತೆಂದರೆ ನಮ್ಮಲ್ಲಿ ಉಪ್ಪು ನೀರಾಗುತ್ತದೆ, ಚಪ್ಪಲಿ ಹಸಿರಾಗುತ್ತದೆ, ಚೀಟಿಯ ಹಿಂದಿನ ಅಂಟು ಯಾರ ನಾಲಗೆಗೂ ಕಾಯದೆ ತಾನಾಗಿ ಅಂಟಿಕೊಳ್ಳುತ್ತದೆ. ಒಂದು ವರ್ಷ ಬ್ರಿಟನಿಯೂ ಪ್ರೊವಾನ್ಸೂ ಬೆನ್ನಿಗೆ ಬೆನ್ನು ಕೂಡಿ ಒಂದೇ ಪ್ರಾಂತವಾಗಿದ್ದವು. ಹೊಸ ಬೂಟಿನ ಡಬ್ಬಿ, ಮಾತ್ರೆಯ ಬಾಟಲಿಗಳಲ್ಲಿ ಸಿಗುವ ತೇವ ಹೀರುವ ಪುಟ್ಟ ಪೊಟ್ಟಣಗಳ ಮೇಲೆ ಈಗ ಬೀಗರ ಮನೆಯವರೂ ಕಣ್ಣಿಟ್ಟಿದ್ದಾರೆ. ನಾನು ಫ್ರಾನ್ಸಿನ ಚೀಟಿ ಕೂಡಿಸಿದರೆ ಅವರು ನನಗಾಗಿ ಇದನ್ನು ಕೂಡಿಸುತ್ತಾರೆ. ಹಳೇ ಪುಸ್ತಕದಿಂದ ಹೊರಡುವ ಬೆಳ್ಳಿಬಣ್ಣದ ಹುಳ ಬೇರೆ. 1959ರಿಂದ ಕಾಗದ ಮಾಡುತ್ತ ಬಂದ ಊರಿದು. ಇಲ್ಲಿ ಕಾಗದ ತಿನ್ನುವ ಹುಳಕ್ಕೆ ಪೌರತ್ವ ಇಲ್ಲ ಎನ್ನಲು ಬಾಯಿ ಬಾರದು.

ಅಂಚೆಯ ಮಾತಿಗೆ ಬಂದರೆ ಮುಂಡಗೋಡದ ಟಿಬೆಟನ್ ಕಾಲನಿಯದು ಬೇರೆಯೇ ಸೊಗಸು. 1966ರಿಂದ ನೆಲೆಯಾದವರು, ಕ್ಯಾಂಪುಗಳಿಗೆ ಹೆಸರಿಗಿಂತ ನಂಬರೇ ರೂಢಿ, ಪಿನ್ 581411. ಟಿಬೆಟ್ 1912ರಲ್ಲಿ ತನ್ನ ಮೊದಲ ಚೀಟಿ ತಂದಾಗ ಅದರ ಮೇಲಿದ್ದದ್ದು ಹಿಮಸಿಂಹ, ಲಾಸಾದಲ್ಲಿ ಮರದ ಅಚ್ಚಿನಿಂದ ಒತ್ತಿದ್ದು. ಒಂದು ಹಾಳೆಗೆ 12 ಚೀಟಿ, ಪ್ರತಿಯೊಂದನ್ನೂ ಬೇರೆಬೇರೆಯಾಗಿ ಕೆತ್ತಿದ್ದರಿಂದ ಹನ್ನೆರಡೂ ಸಿಂಹಗಳಿಗೆ ಹನ್ನೆರಡು ಮುಖಭಾವ. ಅಂತರರಾಷ್ಟ್ರೀಯ ಅಂಚೆ ಒಕ್ಕೂಟದಲ್ಲಿ ಟಿಬೆಟ್ ಇರಲಿಲ್ಲ, ಹಾಗಾಗಿ ಈ ಸಿಂಹ ದೇಶದ ಗಡಿ ದಾಟುವಂತಿರಲಿಲ್ಲ. ಹೊರದೇಶಕ್ಕೆ ಹೋಗುವ ಕಾಗದಕ್ಕೆ ಗ್ಯಾಂಟ್ಸೆ, ಫಾರಿ, ಯಾತುಂಗದ ಭಾರತೀಯ ಅಂಚೆಕಚೇರಿಗಳಲ್ಲಿ ನಮ್ಮ ಚೀಟಿಯನ್ನೂ ಅಂಟಿಸಬೇಕಿತ್ತು. ಅಸಲಿಗೆ ಕೈ ಎಟುಕದು, ನಕಲಿಗಳೋ ಹೇರಳ. ಪುಸ್ತಕದಿಂದ ತೆಗೆಸಿದ ದೊಡ್ಡ ಪ್ರತಿಯನ್ನು ಕಾಲನಿಯ ವಯಸ್ಸಾದ ಲಾಮಾ ಒಬ್ಬರಿಗೆ ತೋರಿಸಿದೆ. ಅಪ್ಪಟ ಮುಂಡಗೋಡ ಕನ್ನಡದಲ್ಲಿ, "ಇದು ಸಿಟ್ಟಿಗೆದ್ದೈತಿ, ಇದು ನಿದ್ದಿಗಣ್ಣಾಗೈತಿ, ಇದಕ್ಕ ಹಸಿವಿ" ಎಂದು ಒಂದೊಂದಕ್ಕೇ ಬೆರಳಿಟ್ಟು ಹೇಳುತ್ತ ಹೋದರು. ಚೀಟಿ ತಜ್ಞರು ಇದೇ ಕೆಲಸವನ್ನು ಭೂತಗನ್ನಡಿ ಹಿಡಿದು ವರ್ಷಗಟ್ಟಲೆ ಮಾಡುತ್ತಾರೆ.

ಸಿಂಹಗಳಿಗೆ ನಮ್ಮಲ್ಲೇನೂ ಬರವಿಲ್ಲ. ಬನವಾಸಿಯ ಕದಂಬರದು ಸಿಂಹಲಾಂಛನ. ಗೋವಾದ ಕದಂಬರದೂ ಅದೇ. ರಾಮನಗರದ ದಾರಿಯಲ್ಲಿ ಘಟ್ಟವೇರಿ ಬರುವ ಗೋವಾದ ಸರ್ಕಾರಿ ಬಸ್ಸು ಇವತ್ತಿಗೂ ಕದಂಬರ ಹೆಸರನ್ನೇ ಹೊತ್ತಿದೆ. ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ಸ್ಟೇಷನ್ನಿನಲ್ಲಿ ಬ್ರಿಟಿಷರ ರೈಲು ಮುಗಿದು ಪೋರ್ಚುಗೀಸರ ಸೀಮೆ ಶುರುವಾಗುತ್ತಿತ್ತು. ಅತ್ತ ಕಡೆ ಏಳು ಕೋಟೆಗಳ ಲಾಂಛನ. ನಮ್ಮ ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರಿಗೆ ಬಂದದ್ದು 1956ರಲ್ಲಿ, ಆಗ ಸರ್ಕಾರಿ ಕಾಗದಗಳ ನೆತ್ತಿಗೆ ಗಂಡಭೇರುಂಡ ಬಂದು ಕೂತಿತು. ಇಷ್ಟೆಲ್ಲ ಪ್ರಾಣಿಗಳು ಓಡಾಡಿದ ಸೀಮೆಗೆ ತನ್ನದೇ ಒಂದು ಗುರಾಣಿ ಇಲ್ಲವಲ್ಲ ಎನಿಸಿತು. ಅಂಚೆ ಇಲಾಖೆಯ 'ಮೈ ಸ್ಟ್ಯಾಂಪ್' ಯೋಜನೆ 2011ರಿಂದ ಇದೆ. 12 ಚೀಟಿಯ ಹಾಳೆಗೆ 300 ರೂಪಾಯಿ, ಚೀಟಿಯ ಪಕ್ಕ ನಮ್ಮ ಚಿತ್ರ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ: ಗುರಾಣಿಯನ್ನು ನಾಲ್ಕು ಮನೆ ಮಾಡಿದರೆ ಸರಿಹೋಯಿತು. ಪೆನ್ಸಿಲಿನಲ್ಲಿ ಬರೆದು ಚಹಾದಂಗಡಿಗೆ ಒಯ್ದೆ.

ದಾಂಡೇಲಿಗೆ ಕರಿಚಿರತೆ ಇಡಬೇಕೆಂಬುದು ಎಲ್ಲರ ಆಸೆ. ಹಸಿರು ಕಾಡಿನ ಮೇಲೆ ಕರಿಚಿರತೆ ಎಂದರೆ ಬಣ್ಣದ ಮೇಲೆ ಬಣ್ಣ, ಶಾಸ್ತ್ರ ಒಪ್ಪದು ಎಂದೆ. "ಅದಕ್ಕ ಸಫಾರಿಗೆ ಹೋದವರಿಗೆ ಕಾಣಂಗಿಲ್ಲ ಬಿಡ್ರಿ" ಎಂದ ಜೀಪಿನ ಡ್ರೈವರ್. ಫ್ರೆಂಚರಲ್ಲಿ ಚಿರತೆಯ ಲೆಕ್ಕವೇ ಬೇರೆ ಎಂದು ನಾರ್ಮಂಡಿಯ 1944ರ ಚೀಟಿ ತೋರಿಸಿದೆ. ಒಂದೇ ಕಣ್ಣು ಕಾಣುವಂತೆ ಓರೆಯಾಗಿದ್ದರೆ ಸಿಂಹ, ಮುಖ ತಿರುಗಿಸಿ ಎರಡೂ ಕಣ್ಣು ಬಿಟ್ಟು ನಡೆದರೆ ಚಿರತೆ. ಜೂಲಿದ್ದರೂ ಚಿರತೆಯೇ. "ಫಾರೆಸ್ಟಿನವರ ಮುಂದ ಈ ಮಾತು ಆಡಬ್ಯಾಡ್ರಿ" ಎಂದು ಡ್ರೈವರ್ ಎಚ್ಚರಿಸಿದ. ಮಂಗಟ್ಟೆಗೆ ಸರ್ವಾನುಮತ ಸಿಕ್ಕಿತು.

ಹಳಿಯಾಳದವರು ಕುಸ್ತಿಪಟುಗಳೇ ಆಗಬೇಕೆಂದರು. ಸಿದ್ದಿ ಗೆಳೆಯ ತಮ್ಮ ಡಮಾಮಿ ಡೋಲು ಇಡಿ ಎಂದ. ಈ ಜಗಳ ಮುಗಿಯುವ ಮೊದಲೇ ಹಳಿಯಾಳದ ಹಿರಿಯರೊಬ್ಬರು ಹೊಸ ಕೊಕ್ಕೆ ತೆಗೆದರು: "ಅಲ್ರಿ, ದಾಂಡೇಲಿ ನಿನ್ನೆ ಮೊನ್ನೆವರೆಗೂ ನಮ್ಮ ತಾಲೂಕಿನಾಗ ಇತ್ತು. ಅದಕ್ಕ ಬ್ಯಾರೆ ಮನಿ ಯಾಕ?" ಲಾಂಛನಶಾಸ್ತ್ರದಲ್ಲಿ ಇದಕ್ಕೂ ಪರಿಹಾರವಿದೆ. ಓರ್ಲೆಯಾನೆ ಪ್ರಾಂತದ್ದು ರಾಜಮನೆತನದ್ದೇ ಮೂರು ಬಂಗಾರದ ಹೂ. ಕವಲೊಡೆದ ಮನೆಯ ಗುರುತಿಗೆ ಮೇಲೊಂದು ಬೆಳ್ಳಿಯ ಪಟ್ಟಿ, ಅದಕ್ಕೆ ಮೂರು ಹಲ್ಲು, ಅಷ್ಟೇ ವ್ಯತ್ಯಾಸ. ಹಾಗೆ ಹಳಿಯಾಳದ ಕುಸ್ತಿಪಟುಗಳ ತಲೆಯ ಮೇಲೆ ಪಟ್ಟಿ ಎಳೆದರೆ ಅದೇ ದಾಂಡೇಲಿ ಎಂದೆ. ದಾಂಡೇಲಿಯವರು ಚಹಾದ ಬಿಲ್ಲು ಬೇರೆ ಮಾಡಿಸಿದರು.

ಜೋಯಿಡಾದ ಮಾಸ್ತರರು ನಾನು ಬರೆದ ನದಿ ಬೇಡ, ಗೆಡ್ಡೆಗೆಣಸು ಇರಲಿ ಎಂದರು. ಕುಣಬಿಗಳ ಗೆಣಸಿನ ಮೇಳ ನೋಡಿದವರು ಅದಕ್ಕೆ ನಗುವುದಿಲ್ಲ. ನ್ಯಾನ್ಸಿ ನಗರ ಮುಳ್ಳಿನ ಗಿಡ ಇಟ್ಟುಕೊಂಡಿದೆ, ಬೆಆರ್ನ್ ಕೊರಳಿಗೆ ಗಂಟೆ ಕಟ್ಟಿದ ಎರಡು ಆಕಳು ಇಟ್ಟುಕೊಂಡಿದೆ, ಗೆಣಸಿಗೇನು ಕಡಿಮೆ? ಮುಂಡಗೋಡದ ಮನೆಗೆ ಹಿಮಸಿಂಹ ಬರೆದಿದ್ದೆ. ಅಲ್ಲಿಯ ಅಳಿಯಂದಿರು, "ನಮ್ಮ ಭತ್ತ, ಗೋವಿನಜೋಳ ಎಲ್ಲಿ ಹೋದವು?" ಎಂದರು. ಸಿಂಹದ ಪಂಜಕ್ಕೆ ಗೋವಿನಜೋಳದ ತೆನೆ ಕೊಡುವುದೆಂದು ರಾಜಿಯಾಯಿತು. ಲಾಮಾ ಅವರು ಆ ಹಸಿದ ಸಿಂಹವನ್ನೇ ಇದಕ್ಕೆ ಆರಿಸಬೇಕು ಎಂದಿದ್ದಾರೆ.

ಈಗ ಉಳಿದಿರುವುದು ಕುಸ್ತಿಯೋ ಡಮಾಮಿಯೋ ಎಂಬುದು, ಮತ್ತು ಆ ಮೂರು ಹಲ್ಲಿನ ಪಟ್ಟಿ. ಮುಂದಿನ ಭಾನುವಾರ ಹಳಿಯಾಳದಲ್ಲೇ ಸೇರೋಣ ಎಂದಾಗಿದೆ, ಚಹಾ ಅವರದು. ಪಕ್ಕದ ಯಲ್ಲಾಪುರದವರಿಗೆ ಮಾತ್ರ ಸದ್ಯಕ್ಕೆ ಯಾರೂ ಸುದ್ದಿ ಮುಟ್ಟಿಸಬಾರದು. ಗುರಾಣಿಯಲ್ಲಿ ಐದನೆಯ ಮನೆಗೆ ಜಾಗವಿಲ್ಲ.