ಚಪ್ಪಾಳೆಯಿಂದ ಆತ್ಮೋನ್ನತಿ: ನಾಲ್ಕು ತಾಲೂಕುಗಳ ಶಾಸ್ತ್ರೀಯ ವಿವೇಚನೆ

ಆತ್ಮೋನ್ನತಿ ಎಂದರೆ ಒಬ್ಬ ಮನುಷ್ಯ ಸುಧಾರಿಸಿಕೊಳ್ಳುವಾಗ ಸುತ್ತಲಿನವರಿಗೆ ಆಗುವ ತೊಂದರೆ. ಉತ್ತರ ಕನ್ನಡದ ಘಟ್ಟದ ಮೇಲಿನ ನಾಲ್ಕು ತಾಲೂಕುಗಳಲ್ಲಿ ಇದರ ಮುಖ್ಯ ಪ್ರಭೇದಗಳೆಲ್ಲ ಸಿಗುತ್ತವೆ. ದಾಂಡೇಲಿಯಲ್ಲಿ ಅದು ಜಲರೂಪಿ. ಕಂಪನಿಗಳು ನೌಕರರಿಗೆ ಲೈಫ್ ಜಾಕೆಟ್ ತೊಡಿಸಿ, ಕಾಳಿ ನದಿಯ ರ‍್ಯಾಫ್ಟಿನಲ್ಲಿ ಕೂರಿಸಿ ಸಹಕಾರ ಮನೋಭಾವ ಬೆಳೆಸುತ್ತವೆ; ಸೂಪಾ ಅಣೆಕಟ್ಟಿನಿಂದ ನೀರು ಬಿಡದ ದಿನ ಮನೋಭಾವಕ್ಕೆ ರಜೆ. ಹಳಿಯಾಳದ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ನಿರುದ್ಯೋಗಿಗಳಿಗೆ ಕೈಕೆಲಸ ಕಲಿಸುತ್ತದೆ. ಇದರಿಂದ ಕಲಿತವರಿಗೆ ನಿಜಕ್ಕೂ ಉಪಯೋಗವಾಗುವ ಕಾರಣ ಪಂಡಿತರು ಇದನ್ನು ಚರ್ಚೆಗೆ ಯೋಗ್ಯವೆಂದು ಪರಿಗಣಿಸಿಲ್ಲ. ಜೋಯಿಡಾದ ಕುಣಬಿಗಳು ಗೆಡ್ಡೆಗೆಣಸು ಬೆಳೆಸುತ್ತಾರೆ, ಅದರದೇ ಮೇಳ ನಡೆಸುತ್ತಾರೆ. ವ್ಯಕ್ತಿತ್ವ ತನ್ನಷ್ಟಕ್ಕೆ ತಾನು ಬೆಳೆದುಕೊಳ್ಳಲಿ ಎಂದು ಬಿಟ್ಟಿದ್ದಾರೆ.

ಉಳಿದದ್ದು ಮುಂಡಗೋಡು. ಪರೋಪಕಾರ ಮತ್ತು ತರ್ಕ ಒಂದೇ ಅಂಗಳದಲ್ಲಿ, ಏರುದನಿಯಲ್ಲಿ ನಡೆಯುವುದು ಇಲ್ಲಿ. 1966ರಲ್ಲಿ ಸುಮಾರು 4000 ಎಕರೆ ಕಾಡುನೆಲದಲ್ಲಿ ಟಿಬೆಟನ್ ನಿರಾಶ್ರಿತರ ನೆಲೆ ಶುರುವಾಯಿತು. ಲಾಸಾದ ಬಳಿ 1409ರಲ್ಲಿ ಸ್ಥಾಪನೆಯಾದ ಗಾಂದೆನ್, 1416ರ ದ್ರೆಪುಂಗ್ ಮಠಗಳ ಭಿಕ್ಷುಗಳು ಬಂಗಾಳದ ಬಕ್ಸಾ ಶಿಬಿರದಿಂದ ಇಲ್ಲಿಗೆ ಬಂದು, ಮುಸುಕಿನ ಜೋಳದ ಹೊಲಗಳ ಪಕ್ಕದಲ್ಲೇ ಧರ್ಮಕೀರ್ತಿಯ ತರ್ಕಗ್ರಂಥ ‘ಪ್ರಮಾಣವಾರ್ತಿಕ’ ಬಿಚ್ಚಿದರು. ಟಿಬೆಟ್ಟಿನ ಸಂಪ್ರದಾಯ ಧರ್ಮಕೀರ್ತಿಯನ್ನು ದಕ್ಷಿಣದವನೆನ್ನುತ್ತದೆ. ಆ ಲೆಕ್ಕದಲ್ಲಿ ಇದು ಸುಮಾರು 1300 ವರ್ಷ ತಡವಾಗಿ ಗ್ರಂಥಾಲಯಕ್ಕೆ ಮರಳಿದ ಪುಸ್ತಕದ ಪ್ರಕರಣ. ದಂಡ ವಸೂಲಾದ ದಾಖಲೆ ಇಲ್ಲ.

ಈ ತರ್ಕವನ್ನು ಕಲಿಯುವುದು ವಾಗ್ವಾದದಿಂದ. ಅದರ ವಿಧಾನ ಹೀಗಿದೆ. ಉತ್ತರ ಕೊಡುವವನು ನೆಲದ ಮೇಲೆ ಕೂತಿರುತ್ತಾನೆ, ಪ್ರಶ್ನೆ ಕೇಳುವವನು ಎದುರು ನಿಂತಿರುತ್ತಾನೆ. ನಿಂತವನು ಪ್ರಶ್ನೆ ಎಸೆದು, ಎಡಗಾಲನ್ನು ನೆಲಕ್ಕೆ ಅಪ್ಪಳಿಸುತ್ತ ಬಲ ಅಂಗೈಯನ್ನು ಎಡ ಅಂಗೈಗೆ ಬಡಿಯುತ್ತಾನೆ. ನೋಡಿದವರಿಗೆ ಇದು ಗದ್ದೆ ಬದುವಿನ ಜಗಳ. ಶಾಸ್ತ್ರದ ಪ್ರಕಾರ ಮುಂದೆ ಚಾಚಿದ ಎಡಗೈ ದುರ್ಗತಿಯ ಬಾಗಿಲನ್ನು ಮುಚ್ಚುತ್ತದೆ, ಹಿಂದಕ್ಕೆಳೆದ ಬಲಗೈ ಸಕಲ ಜೀವಿಗಳನ್ನು ದುಃಖದಿಂದ ಮೇಲೆತ್ತುತ್ತದೆ. ಎದುರಾಳಿಯ ಮೂಗಿನ ಮುಂದೆ ಚಪ್ಪಾಳೆ ತಟ್ಟುತ್ತಲೇ ಅವನನ್ನೂ ಉದ್ಧರಿಸುವ ಈ ಅನುಕೂಲ ಬೇರೆ ಪದ್ಧತಿಗಳಲ್ಲಿ ಕಂಡಿಲ್ಲ.

ಕೂತವನಿಗೆ ಇರುವ ಉತ್ತರಗಳು ಎಣಿಕೆಯವು: ಒಪ್ಪಿದೆ, ಯಾಕೆ, ಹೇತು ಅಸಿದ್ಧ (ಕೊಟ್ಟ ಕಾರಣವೇ ನಿಜವಲ್ಲ), ವ್ಯಾಪ್ತಿ ಇಲ್ಲ (ಕಾರಣದಿಂದ ಆ ತೀರ್ಮಾನ ಹೊರಡದು). ‘ಅದೆಲ್ಲ ನಿನಗೆ ಅರ್ಥವಾಗುವುದಿಲ್ಲ ಬಿಡು’ ಎಂಬುದು ಈ ಪಟ್ಟಿಯಲ್ಲಿ ಇಲ್ಲವಾದ್ದರಿಂದ ಪದ್ಧತಿ ಗೃಹಬಳಕೆಗೆ ಬಂದಿಲ್ಲ. ಹುಡುಗರ ಪಾಠ ಬಣ್ಣದಿಂದ ಶುರು. ಬಣ್ಣವಾದದ್ದೆಲ್ಲ ಕೆಂಪೇ? ಹೌದೆಂದವನ ಮುಂದೆ ಬಿಳಿ ಶಂಖ ಬಂದು ನಿಲ್ಲುತ್ತದೆ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆಯೆಂಬುದು ಮುಂದಿನ ಪಾಠ. ಜೋಯಿಡಾ ಕಡೆಯಾದರೆ ಅದೇ ಹೊಗೆಯಿಂದ ಫಾರೆಸ್ಟ್ ಗಾರ್ಡನ್ನೂ ಅನುಮಾನಿಸಬಹುದು.

ಹೀಗೆ ಐದು ಮಹಾಗ್ರಂಥಗಳನ್ನು ಮುಗಿಸಿ ಗೆಶೆ ಪದವಿ ಪಡೆಯಲು ಹದಿನೈದು ಇಪ್ಪತ್ತು ವರ್ಷ ಬೇಕು. ಎರಡು ದಿನದ ವ್ಯಕ್ತಿತ್ವ ವಿಕಸನ ಶಿಬಿರದ ಪ್ರಮಾಣಪತ್ರ ಇದಕ್ಕೆ ಸಮಾನವೇ ಎಂಬುದನ್ನು ದಾಂಡೇಲಿಯ ರೆಸಾರ್ಟುಗಳು ಇತ್ಯರ್ಥ ಮಾಡಿಲ್ಲ.

ಪ್ರವೇಶದ ವಿಚಾರ ತುಸು ಸಂಕೋಚದ್ದು. ಮೇಲೆತ್ತಬೇಕಾದ ಸಕಲ ಜೀವಿಗಳಲ್ಲಿ ಹೆಂಗಸರೂ ಇದ್ದರು, ಪದವಿಯ ಪಟ್ಟಿಯಲ್ಲಿ ಇರಲಿಲ್ಲ. ಬುದ್ಧತ್ವಕ್ಕೆ ಅರ್ಹರಾದವರು ಪರೀಕ್ಷೆಗೆ ಅರ್ಹರಲ್ಲ ಎಂಬ ವಾದದ ವ್ಯಾಪ್ತಿಯನ್ನು ಇಷ್ಟೊಂದು ತಾರ್ಕಿಕರ ನಡುವೆ ಶತಮಾನಗಳ ಕಾಲ ಯಾರೂ ಚಪ್ಪಾಳೆ ತಟ್ಟಿ ಕೇಳಲಿಲ್ಲ. 2012ರಲ್ಲಿ ಭಿಕ್ಷುಣಿಯರಿಗೂ ದಾರಿ ತೆರೆಯಿತು. 2016ರ ಡಿಸೆಂಬರಿನಲ್ಲಿ 20 ಭಿಕ್ಷುಣಿಯರು ದಲಾಯಿ ಲಾಮಾ ಅವರ ಕೈಯಿಂದ ಗೆಶೆಮಾ ಪದವಿ ಪಡೆದದ್ದು ಮುಂಡಗೋಡಿನಲ್ಲೇ, ದ್ರೆಪುಂಗ್‌ನ 600ನೇ ವರ್ಷದ ಸಂಭ್ರಮದಲ್ಲಿ. ಈ ಒಂದು ತೀರ್ಮಾನಕ್ಕೆ ಆರು ನೂರು ವರ್ಷ ಹಿಡಿದದ್ದನ್ನು ತರ್ಕದ ಕಾಠಿಣ್ಯಕ್ಕೆ ನಿದರ್ಶನವಾಗಿ ಕೊಡುವುದು ವಾಡಿಕೆ.

ಹೊರಗಿನವರಲ್ಲಿ ಎರಡು ವರ್ಗ. ವಿದೇಶಿಯರು ಇಲ್ಲಿ ಉಳಿಯಲು ಗೃಹ ಸಚಿವಾಲಯದ ಪರವಾನಗಿ ಬೇಕು. ಆದರೂ 2013ರ ಜನವರಿಯಲ್ಲಿ ಮಿದುಳು ವಿಜ್ಞಾನಿಗಳು, ಭೌತವಿಜ್ಞಾನಿಗಳು ದ್ರೆಪುಂಗ್‌ಗೆ ಬಂದು ದಿನಗಟ್ಟಲೆ ಮನಸ್ಸು, ದ್ರವ್ಯಗಳ ಚರ್ಚೆಯಲ್ಲಿ ಕೂತರು. ಹುಬ್ಬಳ್ಳಿಯವರಿಗೆ ಬೇಕಾದದ್ದು ಬಸ್ ಟಿಕೆಟ್ ಮಾತ್ರ. ಅವರು ಬಂದು, ಸ್ವೆಟರಿನ ದರ ವಿಚಾರಿಸಿ, ಮೊಮೊ ತಿಂದು, ಸಂಜೆಯ ವಾಗ್ವಾದ ಶುರುವಾಗುವ ಮೊದಲೇ ಕೊನೆಯ ಬಸ್ ತಪ್ಪೀತೆಂದು ಹೊರಡುತ್ತಾರೆ.